ಕಸದ ಇಲಾಖೆಯ ಸಂಬಳವಿಲ್ಲದ ಕಲಾವಿದೆ

ಪ್ರಶ್ನೆ: ದಾವಣಗೆರೆಯಲ್ಲಿ ಬಿವಿಎ (ದೃಶ್ಯಕಲಾ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಬಡಾವಣೆ ಗುಡಿಸುವ ಪೌರಕಾರ್ಮಿಕ ಹೆಂಗಸರ ಜೊತೆ ಸೇರಿ ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ. ಫೋಟೊ, ವಿಡಿಯೊ, ಒಂದು ಪರ್ಫಾರ್ಮೆನ್ಸ್, ಹಳೇ ಪೊರಕೆಗಳನ್ನು ಜೋಡಿಸಿ ಒಂದು ಇನ್‌ಸ್ಟಲೇಶನ್, ಹೀಗೆ ತಲೆಯಲ್ಲಿ ಎಲ್ಲವೂ ಇದೆ. ಗೈಡ್ ಮಾತ್ರ "ಯಾವುದಾದರೂ ಒಂದು ಮಾಧ್ಯಮ ಹಿಡಿ" ಅನ್ನುತ್ತಾರೆ. ಮನೆಯಲ್ಲಿ "ಇದು ಸಮಾಜಸೇವೆ ಕಣೇ, ಇದರಲ್ಲಿ ಕಲೆ ಎಲ್ಲಿ?" ಅಂತಾರೆ. ಹಲವು ಮಾಧ್ಯಮಗಳಲ್ಲಿ, ಜನರ ನಡುವೆಯೇ ಕೆಲಸ ಮಾಡುತ್ತಾ ಬಂದ ಕಲಾವಿದರು ಯಾರಾದರೂ ಇದ್ದಾರಾ? ಅವರು ಹೇಗೆ ಮಾಡಿದರು? ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ:

ಇದ್ದಾರೆ. ಅದೂ ನೀವು ಹಿಡಿದಿರುವ ವಿಷಯದಲ್ಲೇ ಇದ್ದಾರೆ. ಹೆಸರು ಮಿಯರ್ಲ್ ಲ್ಯಾಡರ್‌ಮನ್ ಯೂಕಲೀಸ್. 1977ರಲ್ಲಿ ಅವರು ನ್ಯೂಯಾರ್ಕ್ ನಗರದ ಕಸ ವಿಲೇವಾರಿ ಇಲಾಖೆಯ ಅಧಿಕೃತ ಕಲಾವಿದೆಯಾದರು. ಸಂಬಳ ಇಲ್ಲದ ಹುದ್ದೆ. ಬರಹ, ಫೋಟೊ, ಪರ್ಫಾರ್ಮೆನ್ಸ್, ನಕ್ಷೆ, ಕನ್ನಡಿ ಹೊದಿಸಿದ ಕಸದ ಲಾರಿ, ರಸ್ತೆ ಗುಡಿಸುವ ಯಂತ್ರಗಳ ನೃತ್ಯ, ಕಸದ ಗುಡ್ಡದ ಮೇಲಿನ ಪಾರ್ಕು. ಅವರು ಕೈ ಹಾಕದ ಮಾಧ್ಯಮವೇ ಕಡಿಮೆ. ಆದರೆ ಹಿಡಿದ ಪ್ರಶ್ನೆ 1969ರಿಂದಲೂ ಒಂದೇ. ನಿಮಗೂ ನಿಮ್ಮ ಗೈಡ್‌ಗೂ ನಡೆಯುತ್ತಿರುವ ವಾದಕ್ಕೆ ನನ್ನ ಉತ್ತರ ಇದು: ಮಾಧ್ಯಮ ಎಷ್ಟಾದರೂ ಇರಲಿ, ಪ್ರಶ್ನೆ ಒಂದೇ ಇರಲಿ.

ಆ ಪ್ರಶ್ನೆ ಅವರಿಗೆ ಸಿಕ್ಕಿದ್ದು ಬೀದಿಯಲ್ಲಲ್ಲ, ಮನೆಯಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯೂಕಲೀಸ್ ಹುಟ್ಟಿದ್ದು 1939ರಲ್ಲಿ, ಅಮೆರಿಕದ ಡೆನ್ವರ್ ನಗರದಲ್ಲಿ. ತಂದೆ ಯಹೂದಿ ಧರ್ಮಗುರು. ಕಾಲೇಜಿನಲ್ಲಿ ಓದಿದ್ದು ಇತಿಹಾಸ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳನ್ನು. ಕಲಾಶಾಲೆ ಸೇರಿದ್ದು ಆಮೇಲೆ. ನ್ಯೂಯಾರ್ಕಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದಾಗ ಬಟ್ಟೆಗೆ ಚಿಂದಿ ತುರುಕಿ, ಬಿಗಿದು ಕಟ್ಟಿ, ಉಬ್ಬುಬ್ಬಾದ ಆಕೃತಿಗಳನ್ನು ಮಾಡುತ್ತಿದ್ದರು. ಅಲ್ಲಿನ ಕೆಲವರ ಕಣ್ಣಿಗೆ ಅದು ಅಶ್ಲೀಲವಾಗಿ ಕಂಡಿತು. ರಗಳೆಯಾಯಿತು. ಅವರು ಅಲ್ಲಿಂದ ಹೊರಬಂದರು. ಮುಂದೆ 1974ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದರು. ಆಗ ಅವರು ಓದಿದ್ದು ಒಂದಕ್ಕೊಂದು ಹೆಣೆದುಕೊಂಡ ಕಲೆಗಳ ಬಗ್ಗೆ. ಐವತ್ತು ವರ್ಷದ ಹಿಂದೆಯೇ ಅಂಥ ಕೋರ್ಸ್ ಇತ್ತು ಅಂತ ಗೈಡ್‌ಗೆ ಹೇಳಿ, ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

1968ರಲ್ಲಿ ಮೊದಲ ಮಗು ಹುಟ್ಟಿತು. ಬಸುರಿಯಾಗಿದ್ದಾಗಲೇ ಅವರ ಶಿಲ್ಪಕಲೆಯ ಮೇಷ್ಟ್ರೊಬ್ಬರು "ಇನ್ನು ನೀನು ಕಲಾವಿದೆ ಆಗೋದಿಲ್ಲ ಬಿಡು" ಎಂಬರ್ಥದ ಮಾತು ಆಡಿದ್ದರು. ಮಗು ಬಂದ ಮೇಲೆ ದಿನಗಳು ಎರಡು ತುಂಡಾದವು. ಅರ್ಧ ವಾರ ಸ್ಟುಡಿಯೊ, ಅರ್ಧ ವಾರ ಮಗುವಿನ ಬಟ್ಟೆ, ಪಾತ್ರೆ, ನೆಲ ಒರೆಸೋದು. ಅವರು ಮೆಚ್ಚಿಕೊಂಡಿದ್ದ ಕಲಾವಿದರು ಜಾಕ್ಸನ್ ಪೊಲಾಕ್, ಮಾರ್ಸೆಲ್ ದುಶಾಂ, ಮಾರ್ಕ್ ರಾಥ್‌ಕೋ. ಎಲ್ಲರೂ ಗಂಡಸರು. ಸ್ವಾತಂತ್ರ್ಯ, ಹೊಸತನ ಅಂತ ಮಾತಾಡಿದವರು. ಮಗುವಿನ ಬಟ್ಟೆ ಬದಲಿಸುವ ಬಗ್ಗೆ ಅವರಲ್ಲಿ ಯಾರ ಕಲೆಯೂ ಏನೂ ಹೇಳಿರಲಿಲ್ಲ.

1969ರ ಅಕ್ಟೋಬರ್‌ನಲ್ಲಿ ಯೂಕಲೀಸ್ ಸಿಟ್ಟಿನಲ್ಲಿ ಕೂತು, ಒಂದೇ ಪಟ್ಟಿಗೆ ನಾಲ್ಕು ಪುಟದ ಪ್ರಣಾಳಿಕೆ ಬರೆದರು. ಅದರ ತಿರುಳು ತುಂಬಾ ಸರಳ. ಜಗತ್ತಿನಲ್ಲಿ ಎರಡು ಬಗೆಯ ಕೆಲಸ ಇದೆ. ಒಂದು ಹೊಸದನ್ನು ಕಟ್ಟುವ ಕೆಲಸ. ಇನ್ನೊಂದು ಕಟ್ಟಿದ್ದು ಹಾಳಾಗದಂತೆ ನೋಡಿಕೊಳ್ಳುವ ಕೆಲಸ: ಗುಡಿಸುವುದು, ತೊಳೆಯುವುದು, ಅಡುಗೆ, ರಿಪೇರಿ, ಆರೈಕೆ. ಮೊದಲನೆಯದಕ್ಕೆ ಹೆಸರು, ದುಡ್ಡು, ಪ್ರಶಸ್ತಿ. ಎರಡನೆಯದಕ್ಕೆ ಪುಡಿಗಾಸು, ಮನೆಯೊಳಗಾದರೆ ಅದೂ ಇಲ್ಲ. ಕ್ರಾಂತಿಯೇನೋ ಆಗಲಿ, ಆದ ಮೇಲೆ ಸೋಮವಾರ ಬೆಳಿಗ್ಗೆ ಕಸ ಎತ್ತುವವರು ಯಾರು ಅಂತ ಅದರಲ್ಲಿ ಕೇಳಿದರು. ಅಷ್ಟೇ ಅಲ್ಲ, ನಾನು ಕಲಾವಿದೆ, ಹಾಗಾಗಿ ನಾನು ಮಾಡುವ ಮನೆಗೆಲಸವೂ ಇನ್ನು ಮೇಲೆ ಕಲೆಯೇ ಅಂತ ಘೋಷಿಸಿಬಿಟ್ಟರು.

ಜೊತೆಗೆ ಒಂದು ಪ್ರದರ್ಶನದ ಯೋಜನೆಯನ್ನೂ ಸೇರಿಸಿದ್ದರು. ಅದಕ್ಕೆ ಮೂರು ಭಾಗ. ಮೊದಲನೆಯದರಲ್ಲಿ ಅವರೇ ಮ್ಯೂಸಿಯಂನಲ್ಲಿ ಸಂಸಾರ ಹೂಡಿ ಗುಡಿಸಿ, ಒರೆಸಿ, ಅಡುಗೆ ಮಾಡುತ್ತಾರೆ. ಎರಡನೆಯದರಲ್ಲಿ ಬೇರೆ ಬೇರೆ ಜನರನ್ನು ಅವರವರ ದಿನದ ಚಾಕರಿಯ ಬಗ್ಗೆ ಮಾತಾಡಿಸುತ್ತಾರೆ. ಮೂರನೆಯದರಲ್ಲಿ ಪ್ರತಿದಿನ ಒಂದು ಲಾರಿ ಕಸ, ಒಂದು ಪಾತ್ರೆ ಕೆಟ್ಟ ಗಾಳಿ, ಒಂದಿಷ್ಟು ಹಡ್ಸನ್ ನದಿಯ ಕೊಳಕು ನೀರು ಮ್ಯೂಸಿಯಂಗೆ ಬರುತ್ತದೆ. ಅಲ್ಲೇ ಅದನ್ನು ಶುದ್ಧ ಮಾಡುತ್ತಾರೆ. ಯಾವ ಮ್ಯೂಸಿಯಂ ಒಪ್ಪುತ್ತದೆ ಹೇಳಿ? ಯಾರೂ ಒಪ್ಪಲಿಲ್ಲ. ಪ್ರಣಾಳಿಕೆಯ ಭಾಗಗಳು 1971ರಲ್ಲಿ ಆರ್ಟ್‌ಫೋರಂ ಪತ್ರಿಕೆಯ ಲೇಖನವೊಂದರಲ್ಲಿ ಅಚ್ಚಾದವು. ಆದರೆ ಅವರ ಜೀವಮಾನದ ಕೆಲಸವೆಲ್ಲ ಆ ನಾಲ್ಕು ಪುಟದಲ್ಲೇ ಇದೆ. ಮೊದಲು ಸ್ವಂತ ಮನೆ, ಆಮೇಲೆ ಇತರರ ದುಡಿಮೆ, ಕೊನೆಗೆ ಮಣ್ಣು, ನೀರು, ಗಾಳಿ. ಅದೇ ಕ್ರಮದಲ್ಲಿ ಮುಂದೆ ನಡೆದರು.

ಮನೆಯ ಘಟ್ಟದ ಒಂದು ಕೃತಿ ನನಗೆ ಬಹಳ ಇಷ್ಟ. 1973ರದ್ದು. ಚಳಿಗಾಲದಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯುವ ಮುಂಚೆ ಕೋಟು, ಟೊಪ್ಪಿ, ಬೂಟು ಒಂದೊಂದೇ ತೊಡಿಸುವುದು. ವಾಪಸ್ ಬಂದ ಮೇಲೆ ಒಂದೊಂದೇ ಬಿಚ್ಚುವುದು. ಇಷ್ಟೇ ವಿಷಯ. 95 ಪುಟ್ಟ ಕಪ್ಪು-ಬಿಳುಪು ಫೋಟೊಗಳನ್ನು ಸಾಲಾಗಿ ಒಂದು ಹಲಗೆಗೆ ಅಂಟಿಸಿದ್ದಾರೆ. ಹಲಗೆಗೆ ಒಂದು ಸರಪಳಿ, ಸರಪಳಿಗೆ ಒಂದು ಧೂಳು ಒರೆಸುವ ಬಟ್ಟೆ. ಫೋಟೊದ ಮೇಲೆ ಧೂಳು ಕೂತರೆ ಒರೆಸಬೇಕಲ್ಲ, ಅದಕ್ಕೆ! ಗ್ಯಾಲರಿಯಲ್ಲಿ ತೂಗುಹಾಕಿದ ಕಲೆಗೂ ಯಾರಾದರೂ ಚಾಕರಿ ಮಾಡಲೇಬೇಕು ಅನ್ನೋದನ್ನ ಆ ಬಟ್ಟೆ ತುಂಡು ಒಂದೇಟಿಗೆ ಹೇಳಿಬಿಡುತ್ತದೆ.

ಅದೇ ವರ್ಷ ವಿಮರ್ಶಕಿ ಲೂಸಿ ಲಿಪ್ಪಾರ್ಡ್ ಬರೀ ಮಹಿಳಾ ಕಲಾವಿದರ ಪ್ರದರ್ಶನವೊಂದನ್ನು ಊರೂರಿಗೆ ಒಯ್ಯುತ್ತಿದ್ದರು. ಅದರ ಭಾಗವಾಗಿ ಯೂಕಲೀಸ್ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಎಥೀನಿಯಂ ಮ್ಯೂಸಿಯಂಗೆ ಹೋದರು. ಮ್ಯೂಸಿಯಂನ ಹೊರ ಮೆಟ್ಟಿಲು, ಅಂಗಳ, ಒಳಗಿನ ನೆಲ ಎಲ್ಲವನ್ನೂ ಗಂಟೆಗಟ್ಟಲೆ ತೊಳೆದರು. ಮಂಡಿಯೂರಿ ಕೂತು, ಮಗುವಿಗೆ ಕಟ್ಟುವ ಬಟ್ಟೆಯಿಂದ ಒರೆಸಿದರು. ಜನ ಬಂದು ತುಳಿದು ಹೋದರು. ಮತ್ತೆ ಒರೆಸಿದರು. ನಮ್ಮಲ್ಲಿ ನೆಲ ಒರೆಸಿದ ಮೇಲೆ ಯಾರಾದರೂ ಚಪ್ಪಲಿ ಹಾಕಿಕೊಂಡು ಬಂದರೆ ಏನಾಗುತ್ತದೋ, ಆ ಸಂಕಟವನ್ನೇ ಕಲೆ ಮಾಡಿದರು.

ಅಲ್ಲೇ ಇನ್ನೊಂದು ಆಟ ಆಡಿದರು. ಮ್ಯೂಸಿಯಂನಲ್ಲಿ ಈಜಿಪ್ಟಿನ ಮಮ್ಮಿಯೊಂದು ಗಾಜಿನ ಪೆಟ್ಟಿಗೆಯಲ್ಲಿತ್ತು. ಗಾಜನ್ನು ದಿನಾ ಒರೆಸುವವನು ಅಲ್ಲಿನ ಕ್ಲೀನಿಂಗ್ ಕೆಲಸಗಾರ. ಮೊದಲು ಆತ ಒರೆಸಿದ. ಆಮೇಲೆ ಕಲಾವಿದೆ ಒರೆಸಿ, ಇದು ಕಲಾಕೃತಿ ಅಂತ ಗಾಜಿಗೆ ಮೊಹರು ಹಾಕಿದರು. ಕಲಾಕೃತಿ ಆಯಿತಲ್ಲ, ಇನ್ನು ಆ ಗಾಜನ್ನು ಕೆಲಸಗಾರ ಮುಟ್ಟುವಂತಿಲ್ಲ! ಕಲಾಕೃತಿಗಳ ಸಂರಕ್ಷಣಾ ತಜ್ಞನೇ ಬರಬೇಕು. ಬಟ್ಟೆ ಅದೇ, ಗಾಜು ಅದೇ, ಕೈ ಆಡುವ ರೀತಿಯೂ ಅದೇ. ಮಾಡುವವರ ಹುದ್ದೆ ಬದಲಾದ ಕೂಡಲೇ ಕೆಲಸದ ಬೆಲೆ ಬದಲಾಯಿತು. "ಇದರಲ್ಲಿ ಕಲೆ ಎಲ್ಲಿ" ಅಂತ ನಿಮ್ಮ ಮನೆಯವರು ಕೇಳಿದರೆ ಈ ಕಥೆ ಹೇಳಿ. ಸಮಾಜಸೇವೆ ನೆಲ ಶುಚಿ ಮಾಡುತ್ತದೆ. ಯೂಕಲೀಸ್ ಮಾಡಿದ್ದರಿಂದ ನೆಲ ಶುಚಿಯಾಯಿತೋ ಇಲ್ಲವೋ, ಯಾರ ಕೆಲಸಕ್ಕೆ ಎಷ್ಟು ಬೆಲೆ ಅನ್ನುವ ಲೆಕ್ಕ ಎಲ್ಲರ ಕಣ್ಣಿಗೆ ಬಿತ್ತು.

ಇನ್ನು ಜನರ ಜೊತೆಗಿನ ಕೆಲಸ. 1976ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಒಂದು ಶಾಖೆ ದೊಡ್ಡ ಆಫೀಸು ಕಟ್ಟಡವೊಂದರಲ್ಲಿತ್ತು. ಆ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದ 300 ಕೆಲಸಗಾರರಿಗೆ ಯೂಕಲೀಸ್ ಒಂದು ಪತ್ರ ಬರೆದರು. ನಿಮ್ಮ ಪಾಳಿಯಲ್ಲಿ ದಿನಕ್ಕೆ ಒಂದು ಗಂಟೆ ಆರಿಸಿಕೊಳ್ಳಿ, ಮಾಡುವ ಕೆಲಸ ಬದಲಿಸಬೇಡಿ, ಆ ಒಂದು ಗಂಟೆ ಅದನ್ನು ಕಲೆ ಅಂದುಕೊಳ್ಳಿ ಅಂತ. ಹಗಲು ರಾತ್ರಿ ಪಾಳಿಗಳಲ್ಲಿ ಅವರ ಜೊತೆ ಓಡಾಡಿ ಪೊಲರಾಯ್ಡ್ ಫೋಟೊ ತೆಗೆದರು. ತೆಗೆದ ತಕ್ಷಣ ತೋರಿಸಿ, "ಇದು ಕೆಲಸವಾ, ಕಲೆಯಾ?" ಅಂತ ಅವರನ್ನೇ ಕೇಳಿದರು. ಅವರು ಹೇಳಿದ ಹಾಗೆ ಚೀಟಿ ಅಂಟಿಸಿದರು. ಹೀಗೆ 720 ಫೋಟೊ ಗೋಡೆ ತುಂಬಿದವು. ಹೆಸರಿಡುವ ಹಕ್ಕನ್ನು ಕ್ಯಾಮೆರಾ ಹಿಡಿದವರು ತಾವೇ ಇಟ್ಟುಕೊಳ್ಳಲಿಲ್ಲ. ಇದನ್ನು ಗಮನಿಸಿ, ನಿಮ್ಮ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಈ ಪ್ರದರ್ಶನದ ಬಗ್ಗೆ ಪತ್ರಿಕೆಯಲ್ಲಿ ಬರೆದ ವಿಮರ್ಶಕರೊಬ್ಬರು ಒಂದು ತಮಾಷೆ ಮಾಡಿದರು. ನ್ಯೂಯಾರ್ಕ್ ಆಗ ದಿವಾಳಿಯ ಅಂಚಿಗೆ ಹೋಗಿ ಬಂದಿತ್ತು, ಕಸದ ಇಲಾಖೆಗೆ ದುಡ್ಡಿರಲಿಲ್ಲ. ಇಲಾಖೆಯೂ ತನ್ನ ಕೆಲಸವನ್ನು ಕಲೆ ಅಂತ ಕರೆದುಕೊಂಡರೆ ಕಲೆಯ ಅನುದಾನವಾದರೂ ಸಿಕ್ಕೀತು ಅಂತ ಅವರ ಕುಚೋದ್ಯ. ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರು. ಯೂಕಲೀಸ್ ಆ ಬರಹವನ್ನು ಇಲಾಖೆಯ ಕಮಿಷನರ್‌ಗೆ ಕಳಿಸಿಕೊಟ್ಟರು. ಇಲಾಖೆಯಿಂದ ಫೋನ್ ಬಂತು: ಹತ್ತು ಸಾವಿರ ಜನರ ಜೊತೆ ಕಲೆ ಮಾಡ್ತೀರಾ? ಅವರು ಹೊರಟೇಬಿಟ್ಟರು.

ಹೋದ ಕೂಡಲೇ ಕಲೆ ಶುರು ಮಾಡಲಿಲ್ಲ. ಇಲಾಖೆ ಹೇಗೆ ನಡೆಯುತ್ತದೆ ಅಂತ ಮೊದಲು ಕಲಿತರು. ಗ್ಯಾರೇಜು, ಲಾರಿ, ದೋಣಿಗೆ ಕಸ ತುಂಬುವ ಕಟ್ಟೆ, ಕಸದ ಗುಡ್ಡ, ಎಲ್ಲ ಕಡೆ ಓಡಾಡಿದರು. ಆಮೇಲೆ 1979ರ ಜುಲೈ 24ಕ್ಕೆ ಆರಂಭಿಸಿ 1980ರ ಜೂನ್ 26ರವರೆಗೆ, ಹೆಚ್ಚೂ ಕಡಿಮೆ ಹನ್ನೊಂದು ತಿಂಗಳು, ನಗರದ 59 ವಿಭಾಗಗಳನ್ನೂ ಸುತ್ತಿದರು. ಒಟ್ಟು 8,500 ಕಾರ್ಮಿಕರು. ಒಬ್ಬೊಬ್ಬರ ಮುಂದೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಕೈ ಕುಲುಕಿ ಒಂದೇ ಮಾತು ಹೇಳಿದರು: ನ್ಯೂಯಾರ್ಕನ್ನು ಜೀವಂತವಾಗಿ ಇಟ್ಟಿದ್ದಕ್ಕೆ ನಿಮಗೆ ಥ್ಯಾಂಕ್ಸ್.

ಸುಮ್ನೆ ಕೇಳಿದರೆ ಇದು ಸನ್ಮಾನದ ಭಾಷಣದ ಹಾಗಿದೆ, ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಆರಕ್ಕೆ ಗ್ಯಾರೇಜಿನಲ್ಲಿ ಹಾಜರಿ ಕೂಗುವಾಗ ಅಲ್ಲಿರಬೇಕು. ಲಾರಿ ಜೊತೆ ರೂಟ್ ಪೂರ್ತಿ ಹೋಗಬೇಕು. ರಾತ್ರಿ ಪಾಳಿಯವರನ್ನು ರಾತ್ರಿಯೇ ಹಿಡಿಯಬೇಕು. ಹೋದ ಕಡೆ ಕಾರ್ಮಿಕರ ಹಿಂದೆ ನಿಂತು, ಅವರು ಬಗ್ಗುವುದು, ಎತ್ತುವುದು, ಲಾರಿಗೆ ಎಸೆಯುವುದನ್ನು ತನ್ನ ಮೈಯಲ್ಲಿ ಹಾಗೇ ಮಾಡಿ ತೋರಿಸುತ್ತಿದ್ದರು. ದಿನವಿಡೀ ಮಾಡುವ ಕೆಲಸವನ್ನು ಇನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿದ್ದಾರೆ ಅನ್ನುವುದಕ್ಕೆ ಅದೇ ಸಾಕ್ಷಿ. ಇಡೀ ಸುತ್ತಾಟವನ್ನು ನಗರದ ನಕ್ಷೆಯ ಮೇಲೆ ಸುರುಳಿಗಳಾಗಿ ಬರೆದಿಟ್ಟರು. ಪರ್ಫಾರ್ಮೆನ್ಸ್ ಯಾವುದು, ಚಿತ್ರ ಯಾವುದು ಅಂತ ಬಿಡಿಸಿ ಹೇಳುವುದು ಇಲ್ಲಿ ಕಷ್ಟ.

ಕಾರ್ಮಿಕರು ಅವರಿಗೆ ಎಷ್ಟೋ ಕಥೆ ಹೇಳಿಕೊಂಡರು. ಒಂದು ತುಂಬಾ ಪ್ರಸಿದ್ಧ. ಹದಿನೇಳು ವರ್ಷದ ಹಿಂದೆ ಬ್ರೂಕ್ಲಿನ್‌ನಲ್ಲಿ, ಸುಡು ಬಿಸಿಲಿನಲ್ಲಿ ಕಸ ತುಂಬಿ ಸುಸ್ತಾಗಿ, ಇಬ್ಬರು ಒಂದು ಮನೆಯ ಮೆಟ್ಟಿಲ ಮೇಲೆ ಕೂತಿದ್ದರಂತೆ. ಮನೆಯಾಕೆ ಬಾಗಿಲು ತೆರೆದು, ನಾರುವ ಕಸದವರೇ ಎದ್ದು ಹೋಗಿ, ನನ್ನ ಜಗಲಿ ನಾರುತ್ತದೆ ಅಂದಳಂತೆ. ಆ ಮಾತು ಹದಿನೇಳು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಇವತ್ತು ನೀವು ಅದನ್ನು ಒರೆಸಿಬಿಟ್ಟಿರಿ ಅಂತ ಆ ಇಬ್ಬರಲ್ಲಿ ಒಬ್ಬ ಯೂಕಲೀಸ್‌ಗೆ ಹೇಳಿದ. ಹೇಳಿ, ಇದನ್ನು ನೆನಪಿಟ್ಟುಕೊಳ್ಳುತ್ತೀರಾ ಅಂತಲೂ ಕೇಳಿದ.

ನೆನಪಿಟ್ಟುಕೊಂಡರು. 1984ರಲ್ಲಿ ರೊನಾಲ್ಡ್ ಫೆಲ್ಡ್‌ಮನ್ ಗ್ಯಾಲರಿಯಲ್ಲಿ ಮತ್ತು ಹಡ್ಸನ್ ದಡದ ಕಸದ ಕಟ್ಟೆಯಲ್ಲಿ ಈ ಕೆಲಸದ ದೊಡ್ಡ ಪ್ರದರ್ಶನ ಆಯಿತು. ಕಾರ್ಮಿಕರನ್ನು ಜನ ಕರೆಯುತ್ತಿದ್ದ ಕೆಟ್ಟ ಹೆಸರುಗಳನ್ನೆಲ್ಲ ಗ್ಯಾಲರಿಯ ಎರಡಂತಸ್ತಿನ ಮುಂಭಾಗದ ಮೇಲೆ ಬರೆಸಿದರು. ಸಮಾಜದ ಬೇರೆ ಬೇರೆ ಕಡೆಯಿಂದ ಕರೆಸಿದ ನೂರಕ್ಕೂ ಜಾಸ್ತಿ ಜನ ಅದನ್ನು ತೊಳೆದರು. ತೊಳೆದವರು ಕಾರ್ಮಿಕರಲ್ಲ, ಬೈಯುವ ಕಡೆಯ ಜನ. ಗ್ಯಾಲರಿಯೊಳಗೆ ಕಾರ್ಮಿಕರ ವಿಶ್ರಾಂತಿ ಕೋಣೆಯನ್ನು ಹಾಗೇ ಮರುಕಟ್ಟಿದ್ದರು. ಅವರೇ ಕಸದಿಂದ ಎತ್ತಿಟ್ಟುಕೊಂಡಿದ್ದ ಮುರುಕು ಕುರ್ಚಿ, ಹರಿದ ಸೋಫಾ ಸಮೇತ. ನಗರದ ನೌಕರರು ಕಸದಿಂದ ಆರಿಸಿದ ಕುರ್ಚಿಯಲ್ಲಿ ಕೂತು ಊಟ ಮಾಡುತ್ತಾರೆ ಅನ್ನುವುದು ನಗರಕ್ಕೆ ಗೊತ್ತೇ ಇರಲಿಲ್ಲ. ನನ್ನ ಕಣ್ಣಿಗೆ ಕೈಕುಲುಕಿದ್ದಕ್ಕಿಂತ ಈ ಕೋಣೆ ದೊಡ್ಡ ಕೆಲಸ. ಕೈಕುಲುಕುವುದರಲ್ಲಿ ಕಲಾವಿದೆ ಎದ್ದು ಕಾಣುತ್ತಾರೆ. ಕೋಣೆಯಲ್ಲಿ ಇಲಾಖೆಯ ಬಂಡವಾಳ ಎದ್ದು ಕಾಣುತ್ತದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1983ರಲ್ಲಿ ಒಂದು ಕಸದ ಲಾರಿಯ ಎರಡೂ ಬದಿಗೆ ಕನ್ನಡಿ ಹೊದಿಸಿ ಮೆರವಣಿಗೆಯಲ್ಲಿ ಬಿಟ್ಟರು. ರಸ್ತೆ ಬದಿಯಲ್ಲಿ ನಿಂತವರಿಗೆ ಕಸದ ಲಾರಿಯಲ್ಲಿ ಕಂಡದ್ದು ತಮ್ಮದೇ ಮುಖ. ಆರು ರಸ್ತೆ ಗುಡಿಸುವ ಯಂತ್ರಗಳನ್ನು ಚಾಲಕರೇ ಕುಣಿಸುವಂಥ ಒಂದು ಬ್ಯಾಲೆ ಮಾಡಿದರು. ಇಂಥದ್ದನ್ನೇ ಮುಂದೆ ಜಪಾನಿನ ಎಚಿಗೊ-ತ್ಸುಮಾರಿ ಪ್ರದೇಶದಲ್ಲಿ ಹಿಮ ತೆಗೆಯುವ ಯಂತ್ರಗಳ ಚಾಲಕರ ಜೊತೆ 2003ರಲ್ಲಿ ಮಾಡಿದರು. ಚಾಲಕರ ಕೈಚಳಕ ನೋಡಿ ಊರವರು ಚಪ್ಪಾಳೆ ಹೊಡೆಯುವ ಕೆಲಸ ಇದು. ಹಗುರ ಅನ್ನಿಸಬಹುದು, ನನಗೇನೂ ಹಾಗನ್ನಿಸುವುದಿಲ್ಲ. ಶ್ರಮಿಕರು ಅಂದರೆ ಕಷ್ಟವನ್ನೇ ತೋರಿಸಬೇಕು ಅನ್ನುವುದು ನಮ್ಮ ಒಂದು ಕೆಟ್ಟ ಚಾಳಿ. ಅವರಿಗೆ ಜಂಬ ಪಡುವಂಥ ಕಸುಬುಗಾರಿಕೆಯೂ ಇರುತ್ತದೆ.

ಎಲ್ಲವೂ ಕೈಗೂಡಲೂ ಇಲ್ಲ. ಕಸದ ಕಟ್ಟೆಯೊಳಗೆ ಜನ ನಡೆದು ಹೋಗಿ ತಮ್ಮ ಕಸ ಎಲ್ಲಿ ಸೇರುತ್ತದೆ ಅಂತ ನೋಡುವ ಒಂದು ದಾರಿಯನ್ನು ವರ್ಷಗಟ್ಟಲೆ ರೂಪಿಸಿದರು. ಅದು ಅರ್ಧಕ್ಕೇ ನಿಂತಿತು. ಸ್ಟೇಟನ್ ದ್ವೀಪದ ಫ್ರೆಶ್ ಕಿಲ್ಸ್ ಅನ್ನುವ ಕಸದ ಗುಡ್ಡದ ಯೋಜನೆಗೆ 1989ರಲ್ಲಿ ಸೇರಿದರು. 1948ರಿಂದ ಕಸ ಸುರಿದ, ಸುಮಾರು 2,200 ಎಕರೆಯ ಜಾಗ ಅದು. 2001ರ ಮಾರ್ಚ್‌ನಲ್ಲಿ ಮುಚ್ಚಿದರು. ಸೆಪ್ಟೆಂಬರ್ 11ರ ದಾಳಿಯ ಅವಶೇಷಗಳಿಗಾಗಿ ಅದೇ ವರ್ಷ ಮತ್ತೆ ತೆರೆಯಬೇಕಾಯಿತು. ಈಗ ಅದು ನಿಧಾನಕ್ಕೆ ಪಾರ್ಕ್ ಆಗುತ್ತಿದೆ. ಇಂಥ ಜಾಗದಲ್ಲಿ ಕಲಾವಿದೆಯ ಕೆಲಸ ಅಂದರೆ ಮುಕ್ಕಾಲು ಪಾಲು ಮೀಟಿಂಗ್, ಕಾಗದಪತ್ರ, ಕಾಯುವುದು. ಅವರ ಇಡೀ ಜೀವಮಾನದ ಕೆಲಸ ಒಂದೆಡೆ ಸೇರಿದ ಮೊದಲ ದೊಡ್ಡ ಪ್ರದರ್ಶನ ನಡೆದಿದ್ದು 2016ರಲ್ಲಿ, ಕ್ವೀನ್ಸ್ ಮ್ಯೂಸಿಯಂನಲ್ಲಿ. ಆಗ ಅವರಿಗೆ 77 ವರ್ಷ. 2020ರಲ್ಲಿ ಕೊರೊನಾ ಬಂದಾಗ ಟೈಮ್ಸ್ ಸ್ಕ್ವೇರ್‌ನ ಪರದೆ, ಸಬ್‌ವೇ ಸ್ಟೇಷನ್‌ಗಳು, ಅದೇ ಮ್ಯೂಸಿಯಂನ ಗೋಡೆಯ ಮೇಲೆ ಮತ್ತೆ ಆ ಹಳೆಯ ಥ್ಯಾಂಕ್ಸ್ ಬಂತು. ಈ ಸಲ ನಗರದ ಎಲ್ಲ ಸೇವಾ ಕೆಲಸಗಾರರಿಗೆ.

ಈಗ ನಿಮ್ಮ ಪ್ರಾಜೆಕ್ಟ್‌ಗೆ ಬರುತ್ತೇನೆ. ಇದನ್ನು ಓದಿ ನಾಳೆಯೇ ಕೈಕುಲುಕಲು ಹೊರಡಬೇಡಿ.

ನ್ಯೂಯಾರ್ಕಿನ ಆ ಕಾರ್ಮಿಕರು ಕಾಯಂ ನೌಕರರು. ಎಲ್ಲರೂ ಗಂಡಸರು. ಗಟ್ಟಿ ಯೂನಿಯನ್ ಇತ್ತು. 1968ರಲ್ಲಿ ಒಂಬತ್ತು ದಿನ ಮುಷ್ಕರ ಹೂಡಿ ನಗರವನ್ನೇ ಕಸದಲ್ಲಿ ಮುಳುಗಿಸಿದ್ದರು. ಅವರಿಗೆ ಕೂಲಿಯ ಜೊತೆಗೆ ಬೇಕಾಗಿದ್ದದ್ದು ಮರ್ಯಾದೆ. ಯೂಕಲೀಸ್ ಕೊಡಲು ಹೋಗಿದ್ದೂ ಅದನ್ನೇ. ನಮ್ಮಲ್ಲಿ ಬೀದಿ ಗುಡಿಸುವವರಲ್ಲಿ ಬಹುಪಾಲು ಹೆಂಗಸರು, ಬಹುಪಾಲು ದಲಿತರು. ಗುತ್ತಿಗೆಯಲ್ಲಿ ವರ್ಷಗಟ್ಟಲೆ ದುಡಿದವರು. ಕಾಯಂ ಮಾಡಿ ಅಂತ 2022ರ ಜುಲೈನಲ್ಲಿ ರಾಜ್ಯದ ಉದ್ದಗಲಕ್ಕೂ ಕೆಲಸ ನಿಲ್ಲಿಸಿ ಧರಣಿ ಕೂತಿದ್ದನ್ನು ನೀವೂ ನೋಡಿರಬೇಕು. ಮೇಲಾಗಿ, ಅಲ್ಲಿ ಕಸ ಮುಟ್ಟುವುದರಿಂದ ಅಸಹ್ಯ ಬಂತು. ಇಲ್ಲಿ ಅಸಹ್ಯ ಮೊದಲೇ ಇತ್ತು, ಆ ಜನರ ಕೈಗೆ ಕಸ ಕೊಟ್ಟರು. ಹಾಗಾಗಿ ಇಲ್ಲಿ ಕೈಕುಲುಕುವುದಕ್ಕೆ ಬೇರೆಯದೇ ಭಾರ ಇದೆ. ಮೇಲ್ಜಾತಿಯ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ಮುಟ್ಟಿ ತೋರಿಸಿದರೆ ಅದು ಅವಳ ದೊಡ್ಡತನದ ಫೋಟೊ ಆಗಿಬಿಡುತ್ತದೆ. ನಿಮ್ಮ ಜಾತಿ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಆದರೆ ನಿಮ್ಮ ಪ್ರಾಜೆಕ್ಟ್‌ನಲ್ಲಿ ಆ ಪ್ರಶ್ನೆ ಬರಲೇಬೇಕು. ಇನ್ನು ಥ್ಯಾಂಕ್ಸ್ ವಿಷಯ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಾಚರಣೆಯಲ್ಲಿ ಶಾಲು, ಹಾರ, ಭಾಷಣ ಎಲ್ಲ ಆಗುತ್ತದೆ. ಹೊಗಳಿಕೆಗೆ ಬರ ಇಲ್ಲ. ನೀವು ಇನ್ನೊಂದು ಶಾಲು ಹೊದಿಸಬೇಕಾಗಿಲ್ಲ.

ಹತ್ತಿರದ ಉದಾಹರಣೆ ಬೇಕಿದ್ದರೆ ನವಜೋತ್ ಅಲ್ತಾಫ್ ಅವರನ್ನೂ ನೋಡಿ. ಮುಂಬೈಯ ಕಲಾವಿದೆ. 1990ರ ದಶಕದ ಕೊನೆಯಿಂದ ಬಸ್ತರ್‌ನ ಕೊಂಡಗಾಂವ್‌ನಲ್ಲಿ ಅಲ್ಲಿನ ಆದಿವಾಸಿ ಕಲಾವಿದರ ಜೊತೆ ಕೆಲಸ ಮಾಡಿದವರು. ಅವರೆಲ್ಲ ಸೇರಿ ಊರಿನ ಕೈಪಂಪುಗಳ ಸುತ್ತ ಕಟ್ಟೆ ಕಟ್ಟಿದರು. ಶಿಲ್ಪದ ಹಾಗೆ ಕಾಣುವ ಕಟ್ಟೆ. ಆದರೆ ತುಂಬಿದ ಕೊಡವನ್ನು ನೆಲದಿಂದ ನೇರ ತಲೆಗೆ ಎತ್ತಬೇಕಾಗಿಲ್ಲ, ನಡುವೆ ಇಡಲು ಅಲ್ಲೊಂದು ಜಾಗ ಇದೆ. ನೀರು ಹೊರುವ ಹೆಂಗಸಿನ ಬೆನ್ನು ನೋವನ್ನು ಗಮನಿಸದವರಿಗೆ ಆ ಕಟ್ಟೆ ಹೊಳೆಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಕಾಣದೇ ಹೋದದ್ದು ಒಂದೇ. ಪೌರಕಾರ್ಮಿಕರೇ ಯಾಕೆ? ಯೂಕಲೀಸ್ ಕಾರ್ಮಿಕರ ಹತ್ತಿರ ಹೋಗಿದ್ದು ಕನಿಕರದಿಂದ ಅಲ್ಲ. ತನ್ನ ಮನೆಗೆಲಸಕ್ಕೂ ಅವರ ಕೆಲಸಕ್ಕೂ ಬೆಲೆ ಇಲ್ಲದಿರುವುದು ಒಂದೇ ಕಾರಣಕ್ಕೆ ಅಂತ ಅವರಿಗೆ ಅನ್ನಿಸಿತ್ತು. ನಿಮಗೆ ಅಂಥ ಎಳೆ ಏನಿದೆ? ಉತ್ತರ ಹೊಳೆಯದಿದ್ದರೆ ಬೀದಿಗೆ ಹೋಗುವ ಮೊದಲು ನಿಮ್ಮ ಕಾಲೇಜಿನ ಸ್ಟುಡಿಯೊದಿಂದ ಶುರು ಮಾಡಿ. ನೀವೆಲ್ಲ ಬಣ್ಣ ಚೆಲ್ಲಿ, ಜೇಡಿಮಣ್ಣು ಕಲಸಿ, ಪೇಪರ್ ಹರಿದು ಹೋದ ಮೇಲೆ ಅದನ್ನು ಯಾರು ಗುಡಿಸುತ್ತಾರೆ? ಎಷ್ಟು ಹೊತ್ತಿಗೆ ಬರುತ್ತಾರೆ? ಬಿಸಾಡಿದ್ದು ಯಾವುದು, ಕಲಾಕೃತಿ ಯಾವುದು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ? ಮಮ್ಮಿಯ ಗಾಜಿನ ಪೆಟ್ಟಿಗೆ ನಿಮ್ಮ ಕಾಲೇಜಿನಲ್ಲೇ ಇದೆ.

ಬೀದಿಗೇ ಹೋಗುವುದಾದರೆ, ಬೆಳಗಿನ ಹಾಜರಿಗೆ ಹೋಗಿ. ಮಸ್ಟರಿಂಗ್ ನಡೆಯುವ ಜಾಗದಲ್ಲಿ ಸ್ವಲ್ಪ ದಿನ ಕ್ಯಾಮೆರಾ ಇಲ್ಲದೆ ನಿಲ್ಲಿ. ಅವರು ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ, ಎಷ್ಟು ಬೀದಿ ಪಾಲಿಗೆ ಬಂದಿದೆ, ತಿಂಡಿ ಎಲ್ಲಿ ತಿನ್ನುತ್ತಾರೆ, ಶೌಚಾಲಯಕ್ಕೆ ಎಲ್ಲಿ ಹೋಗುತ್ತಾರೆ, ಇವನ್ನೆಲ್ಲ ತಿಳಿದುಕೊಳ್ಳಿ. ಶೌಚಾಲಯದ ಪ್ರಶ್ನೆ ಒಂದೇ ಪೂರ್ತಿ ಪ್ರಾಜೆಕ್ಟ್‌ಗೆ ಸಾಕಾದೀತು. ಒಂದು ವಾರ್ಡಿನ ನಕ್ಷೆ ಬರೆದು, ಅದರಲ್ಲಿ ಅವರಿಗೆ ಕೂರಲು, ನೀರು ಕುಡಿಯಲು, ಕೈ ತೊಳೆಯಲು ಜಾಗ ಎಲ್ಲಿದೆ ಅಂತ ಗುರುತು ಹಾಕಿದರೆ ಆ ನಕ್ಷೆಯೇ ಸಾಕಷ್ಟು ಹೇಳುತ್ತದೆ.

ಪೊರಕೆಯ ಇನ್‌ಸ್ಟಲೇಶನ್ ಬಗ್ಗೆ ನನಗೆ ಅನುಮಾನ ಇದೆ. ಹಳೇ ಪೊರಕೆ ರಾಶಿ ಹಾಕಿದರೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ಲಿಗೆ ಮುಗಿಯಿತು. ಅದಕ್ಕಿಂತ ಅವರು ಕಡ್ಡಿ ಪೊರಕೆಗೆ ಉದ್ದ ಕೋಲು ಕಟ್ಟಿಕೊಳ್ಳುವುದನ್ನು ಹತ್ತಿರದಿಂದ ನೋಡಿ. ಯಾರ ಎತ್ತರಕ್ಕೆ ಎಷ್ಟುದ್ದ, ಯಾವ ದಾರ, ಎಲ್ಲಿ ಬಿಗಿ. ಕಲಿಸಿಕೊಡಿ ಅಂತ ಕೇಳಿ. ಕಲಿಸುವವರು ಅವರು, ಕಲಿಯುವವರು ನೀವು. ವಿಡಿಯೊಗೆ ಅದು ಒಳ್ಳೆಯ ವಿಷಯ.

ಅನುಮತಿ ಬಗ್ಗೆ ಎಚ್ಚರ. ಮೇಸ್ತ್ರಿ, ಅಧಿಕಾರಿಗಳು ಒಪ್ಪಿದರೆ ಗುಡಿಸುವ ಹೆಂಗಸರೂ ಒಪ್ಪಿದ ಹಾಗಲ್ಲ. ಮೇಸ್ತ್ರಿಯ ಎದುರು ಆ ಹೆಂಗಸರಿಗೆ ಬೇಡ ಅನ್ನಲು ಆಗುವುದಿಲ್ಲ. ಮೇಸ್ತ್ರಿ ಇಲ್ಲದಾಗ ಇನ್ನೊಮ್ಮೆ ಕೇಳಿ. ಮೇಸ್ತ್ರಿ ಬಗ್ಗೆ, ಕೂಲಿ ಬಗ್ಗೆ ಯಾರಾದರೂ ಮಾತಾಡಿದರೆ ಮುಖ ತೋರಿಸಬೇಡಿ. ನಿಮಗೆ ಅಂಕ ಬರುತ್ತದೆ, ಅವರ ಕೆಲಸ ಹೋಗಬಹುದು. ಅವರ ಬಿಡುವಿನ ಹೊತ್ತು ತೆಗೆದುಕೊಂಡರೆ ಅದಕ್ಕೆ ದುಡ್ಡು ಕೊಡಿ, ಪ್ರಾಜೆಕ್ಟ್ ಬಜೆಟ್‌ನಲ್ಲಿ ಕ್ಯಾನ್ವಾಸ್, ಪ್ರಿಂಟ್ ಖರ್ಚಿನ ಪಕ್ಕದಲ್ಲೇ ಅದನ್ನೂ ಬರೆಯಿರಿ. ತೆಗೆದ ಫೋಟೊ ಮೊದಲು ಅವರಿಗೆ ತೋರಿಸಿ, ಯಾವುದು ಇರಬೇಕು, ಯಾವುದು ಬೇಡ ಅಂತ ಅವರೇ ಹೇಳಲಿ. 720 ಪೊಲರಾಯ್ಡ್‌ಗಳಲ್ಲಿ ಯೂಕಲೀಸ್ ಮಾಡಿದ್ದೂ ಇದೇ. ಒಂದೊಂದು ಪ್ರಿಂಟ್ ಅವರ ಮನೆಗೂ ಹೋಗಲಿ.

ಗೈಡ್ ಮುಂದೆ ಇಡುವಾಗ ನಾಲ್ಕು ಮಾಧ್ಯಮ ಅಂತ ಹೇಳಬೇಡಿ. ಒಂದು ಪ್ರಶ್ನೆ ಬರೆದುಕೊಂಡು ಹೋಗಿ, ಅದಕ್ಕೆ ಫೋಟೊ ಯಾಕೆ ಬೇಕು, ನಕ್ಷೆ ಯಾಕೆ ಬೇಕು ಅಂತ ಒಂದೊಂದು ಸಾಲು ಬರೆಯಿರಿ. ಕಾರಣ ಬರೆಯಲು ಬಾರದ ಮಾಧ್ಯಮವನ್ನು ಕೈಬಿಡಿ. ಪ್ರದರ್ಶನದ ಉದ್ಘಾಟನೆಯನ್ನು ಎಲ್ಲರ ಹಾಗೆ ಸಂಜೆಗೆ ಇಡಬೇಡಿ, ಅಷ್ಟು ಹೊತ್ತಿಗೆ ಅವರು ಮನೆಯಲ್ಲಿ ಎರಡನೇ ಪಾಳಿ ಶುರು ಮಾಡಿರುತ್ತಾರೆ. ಮಧ್ಯಾಹ್ನ, ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಇಡಿ. ಊಟದ ವ್ಯವಸ್ಥೆಯೂ ಇರಲಿ. ಕೊನೆಗೆ ಹಾಲ್ ಗುಡಿಸುವ ಪಾಳಿಯನ್ನು ನಿಮ್ಮ ಕ್ಲಾಸಿನವರು ಹಂಚಿಕೊಳ್ಳಿ.